ಹ್ಯಾಂಡ್‌ಬ್ರೇಕ್ ಹಾಕಬಾರದು

"ತಾನಾಗಿಯೇ ಸರಿಹೋಗುತ್ತೆ" ಎಂಬ ಮಾತು ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಏನು ತಾನಾಗಿ ಸರಿಹೋಗುವುದು? ನಮ್ಮ ಬಿಲ್ಡಿಂಗಿನ ಲಿಫ್ಟು ತಾನಾಗಿ ಸರಿಹೋಯಿತೇ? ಬಚ್ಚಲ ಗೋಡೆಯ ತೇವ? ನನ್ನ ಮಂಡಿ? ಮೂವತ್ತು ವರ್ಷ ಪರೇಲಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ಯಂತ್ರಗಳ ಜೊತೆ ಗುದ್ದಾಡುತ್ತಾ ಬಂದವಳು ನಾನು. ಕಂಪನಿಯವನು ಬಂದು "ಮೇಡಂ, ಇದು ಆಟೊಮ್ಯಾಟಿಕ್, ತಾನೇ ಸರಿ ಮಾಡ್ಕೊಳ್ಳುತ್ತೆ" ಎಂದು ಹೇಳಿ, ಚಹಾ ಕುಡಿದು ಹೋಗುತ್ತಾನೆ. ನಾನು ಮಾತ್ರ ದಿನಾ ಬೆಳಿಗ್ಗೆ, ಉತ್ತರ ಮೊದಲೇ ಗೊತ್ತಿರುವ ಸ್ಯಾಂಪಲ್ ಒಂದನ್ನು ಹಾಕಿ, ಯಂತ್ರ ಸರಿಯಾದ ಉತ್ತರ ಕೊಟ್ಟ ಮೇಲೆಯೇ ರೋಗಿಗಳ ರಕ್ತ ಮುಟ್ಟುವುದು. ಯಂತ್ರದ ಮಾತನ್ನು ನಾನು ಒಂದು ದಿನವೂ ನಂಬಿದ್ದಿಲ್ಲ. ಇಂಥವಳು ನನ್ನದೇ ಕಾರಿನ ವಿಷಯದಲ್ಲಿ ಏನು ಮಾಡಿದೆ ಎಂಬುದನ್ನು ಬರೆಯಲು ಕೂತಿದ್ದೇನೆ. ಸಿಟ್ಟು ಇನ್ನೂ ಇಳಿದಿಲ್ಲ. ಯಾರ ಮೇಲೆ ಎಂಬುದಷ್ಟೇ ಬದಲಾಗಿದೆ.

ನಮ್ಮದು ಘಾಟ್ಕೋಪರಿನ ಹಳೆಯ ಸೊಸೈಟಿ. ಕಟ್ಟಿದ ಕಾಲಕ್ಕೆ ಮಹಡಿಗೊಂದು ಸ್ಕೂಟರ್ ಇದ್ದರೆ ಹೆಚ್ಚು. ಈಗ ಮನೆಗೊಂದು ಕಾರು, ಕೆಲವರಿಗೆ ಎರಡು. ಕಾಂಪೌಂಡ್ ಮಾತ್ರ ಇದ್ದಷ್ಟೇ ಇದೆ. ಹಾಗಾಗಿ ಕಾರುಗಳು ಒಂದರ ಹಿಂದೆ ಒಂದು ಮೂರು ಸಾಲಾಗಿ ನಿಲ್ಲುತ್ತವೆ. ಒಳಗಿನ ಸಾಲಿನವರು ಹೊರಡಬೇಕಾದರೆ ವಾಚ್‌ಮನ್ ಹೊರಗಿನ ಸಾಲಿನ ಕಾರನ್ನು ಕೈಯಲ್ಲಿ ತಳ್ಳಿ ದಾರಿ ಮಾಡಿಕೊಡುತ್ತಾನೆ. ಅದಕ್ಕಾಗಿ ನಮ್ಮಲ್ಲೊಂದು ಕಾನೂನು: ಗಾಡಿಯನ್ನು ನ್ಯೂಟ್ರಲ್‌ನಲ್ಲಿ ಬಿಡಬೇಕು, ಹ್ಯಾಂಡ್‌ಬ್ರೇಕ್ ಹಾಕಬಾರದು. ಉರುಳದಿರಲಿ ಎಂದು ಚಕ್ರಕ್ಕೆ ಒಂದು ಇಟ್ಟಿಗೆ. ಪ್ರತಿ ಮನೆಗೂ ಅದರದ್ದೇ ಇಟ್ಟಿಗೆ, ಮೇಲೆ ಬಿಳಿ ಬಣ್ಣದಲ್ಲಿ ಫ್ಲಾಟಿನ ನಂಬರು. ಯಾರಾದರೂ ಮರೆತು ಹ್ಯಾಂಡ್‌ಬ್ರೇಕ್ ಎಳೆದು ಹೋದರೆ ಮುಗಿಯಿತು, ಬೆಳಿಗ್ಗೆ ಇಡೀ ಬಿಲ್ಡಿಂಗ್ ಅವರ ಬಾಗಿಲಲ್ಲಿರುತ್ತದೆ.

ಈ ಕಾನೂನನ್ನು ಬರೆದು ಲಿಫ್ಟಿನ ಪಕ್ಕ ಅಂಟಿಸಿದವಳು ನಾನೇ. ಆಗ ನಾನು ಸೊಸೈಟಿ ಕಮಿಟಿಯಲ್ಲಿದ್ದೆ. ಮರಾಠಿ, ಹಿಂದಿ, ಇಂಗ್ಲಿಷ್ ಮೂರರಲ್ಲೂ, ಲ್ಯಾಬಿನ ಬಾಟಲಿಗೆ ಚೀಟಿ ಬರೆದು ಬರೆದು ಪಳಗಿದ ದುಂಡನೆ ಅಕ್ಷರದಲ್ಲಿ ಬರೆದೆ. ಎಲ್ಲಕ್ಕೂ ಕೆಳಗೆ ಕನ್ನಡದಲ್ಲೂ ಒಂದು ಸಾಲು: "ದಯವಿಟ್ಟು ಹ್ಯಾಂಡ್‌ಬ್ರೇಕ್ ಹಾಕಬಾರದು." ಬಿಲ್ಡಿಂಗಿನಲ್ಲಿ ಕನ್ನಡ ಓದುವವರು ನಾನು ಮತ್ತು ನನ್ನ ಗಂಡ, ಇಬ್ಬರೇ. "ಇದು ಯಾರಿಗೇ ಮಾರಾಯ್ತಿ?" ಎಂದು ಅವರು ನಕ್ಕರು. ಯಾರಿಗೂ ಅಲ್ಲ. ನನ್ನ ಹಠಕ್ಕೆ.

ಆದರೆ ಆ ಸಾಲನ್ನು ಓದಿದ ಮೂರನೆಯವರು ಒಬ್ಬರಿದ್ದರು. ಆಂಟಾಪ್ ಹಿಲ್‌ನಲ್ಲಿ ಒಂದೇ ಶಟರಿನ ಗ್ಯಾರೇಜ್ ಇಟ್ಟುಕೊಂಡಿರುವ ಮಿಸ್ತ್ರಿ, ವಿಜಾಪುರದ ಕಡೆಯ ಸಾಬರು. ನನಗಿಂತ ನಾಲ್ಕೈದು ವರ್ಷ ದೊಡ್ಡವರು. ನಮ್ಮ ಮೇಲಿನ ಮನೆಯವರ ಬ್ಯಾಟರಿ ಬದಲಿಸಲು ಬಂದವರು ಲಿಫ್ಟಿಗೆ ಕಾಯುತ್ತಾ ಅದನ್ನು ಓದಿ, ಬರೆದವರು ಯಾರು ಎಂದು ವಾಚ್‌ಮನ್‌ನನ್ನು ಕೇಳಿ, ನಮ್ಮ ಮನೆಯ ಬೆಲ್ ಒತ್ತಿದರು.

"ಅಕ್ಷರ ಭಾಳ ಚಂದ ಅದಾವ್ರಿ ಅಕ್ಕಾರ. ಬರದದ್ದು ಮಾತ್ರ ಗಾಡಿಗೆ ಚಲೋ ಅಲ್ರಿ" ಅಂದರು.

ನಾನು ನಕ್ಕುಬಿಟ್ಟೆ. ಘಾಟ್ಕೋಪರಿನಲ್ಲಿ ನನ್ನ ಬಾಗಿಲಲ್ಲಿ ನಿಂತು ಯಾರೋ ಕನ್ನಡದಲ್ಲಿ ತಪ್ಪು ತೋರಿಸುತ್ತಿದ್ದಾರೆ ಎಂಬ ಖುಷಿಗೆ, ತಪ್ಪು ಏನು ಎಂದು ಕೇಳುವುದೇ ಮರೆಯಿತು. ಒಳಗೆ ಕರೆದು ಕಾಫಿ ಕೊಟ್ಟೆ. ಅಂದಿನಿಂದ ನನ್ನ ಕಾರು ಅವರದ್ದೇ ಕೈಗೆ. ಆಮೇಲೆ ನನ್ನ ಮಾತು ಕೇಳಿ ಬಿಲ್ಡಿಂಗಿನ ಎಂಟೊಂಬತ್ತು ಮನೆಯವರೂ ಅವರಿಗೇ ಗಾಡಿ ಕೊಡತೊಡಗಿದರು. ಭಾನುವಾರ ಅವರೇ ಬಂದು ಸಣ್ಣಪುಟ್ಟ ಕೆಲಸ ಕಾಂಪೌಂಡಿನಲ್ಲೇ ಮುಗಿಸುತ್ತಿದ್ದರು. ನಾನು ಅವರನ್ನು "ಉಸ್ತಾದ್ರೇ" ಎನ್ನುತ್ತಿದ್ದೆ, ಅವರಿಗೆ ನಾನು "ಅಕ್ಕಾರು." ಅವರ ಜೋಳದ ರೊಟ್ಟಿ ದೊಡ್ಡದೋ ನಮ್ಮ ರಾಗಿ ಮುದ್ದೆ ದೊಡ್ಡದೋ ಎಂಬ ಜಗಳ ಆರು ವರ್ಷ ನಡೆದು ಇತ್ಯರ್ಥವಾಗದೆ ಉಳಿದಿತ್ತು.

ಹೋದ ಮಳೆಗಾಲ ಮುಗಿಯುವ ಹೊತ್ತಿಗೆ ನನ್ನ ಕಾರಿನ ಬ್ರೇಕ್ ಪೆಡಲ್ ಕೆಳಕೆಳಗೆ ಹೋಗತೊಡಗಿತು. ಒಮ್ಮೆಲೇ ಅಲ್ಲ. ಈ ವಾರ ಇಷ್ಟು, ಮುಂದಿನ ವಾರ ಇನ್ನಷ್ಟು. ಕಾಲು ಅದಕ್ಕೆ ಹೊಂದಿಕೊಂಡುಬಿಟ್ಟಿತು, ಎರಡು ಸಲ ಒತ್ತುವುದನ್ನು ತಾನೇ ಕಲಿತುಕೊಂಡಿತು. ಮೊದಲ ಸಲ ಒತ್ತಿದರೆ ಪೆಡಲ್ ಆಳಕ್ಕೆ ಇಳಿಯುವುದು, ಎರಡನೆಯ ಸಲಕ್ಕೆ ಹಿಡಿಯುವುದು. ಪಕ್ಕದಲ್ಲಿ ಕೂತಿದ್ದ ಗಂಡ ಒಂದು ದಿನ, "ಅದ್ಯಾಕೆ ಹೊಲಿಗೆ ಮಿಷನ್ ತುಳಿದ ಹಾಗೆ ತುಳೀತೀಯಾ?" ಎಂದಾಗಲೇ ನನಗೆ ಗೊತ್ತಾದದ್ದು. ಮಾರನೆಯ ದಿನ ಡ್ಯೂಟಿ ಮುಗಿಸಿ ನೇರ ಆಂಟಾಪ್ ಹಿಲ್‌ಗೆ ಹೋದೆ.

ಉಸ್ತಾದ್ ಮುಂದಿನ ಚಕ್ರಗಳ ಬ್ರೇಕ್ ಬಿಚ್ಚಿ ನೋಡಿದರು. ಬ್ರೇಕ್ ಎಣ್ಣೆ ಬದಲಿಸಿದರು. ಕೊಳವೆಯಲ್ಲಿ ಗಾಳಿ ಸೇರಿದೆಯೋ ಏನೋ ಎಂದು ಅದನ್ನೂ ಹೊರಗೆ ಬಿಟ್ಟರು. ಆಮೇಲೆ ಕೈ ಒರೆಸಿಕೊಳ್ಳುತ್ತಾ ಕೇಳಿದರು: "ಅಕ್ಕಾರ, ನಿಮ್ಮ ಬಿಲ್ಡಿಂಗ್‌ನ್ಯಾಗ ಹ್ಯಾಂಡ್‌ಬ್ರೇಕ್ ಹಾಕಂಗಿಲ್ಲ, ಅದು ಗೊತ್ತೈತಿ. ಹೊರಗ ಹಾಕ್ತೀರಿಲ್ರೀ? ಸಿಗ್ನಲ್‌ನ್ಯಾಗ, ಆಸ್ಪತ್ರ್ಯಾಗ?"

ನನಗೆ ಚುರ್ರೆಂದಿತು. ಗಾಡಿ ಓಡಿಸುವುದರಲ್ಲಿ ಯಾರಾದರೂ ನನಗೆ ಪಾಠ ಹೇಳಲು ಬಂದರೆ ನಾನು ಸಹಿಸುವವಳಲ್ಲ. ಈ ಊರಿನಲ್ಲಿ ಗಾಡಿ ಓಡಿಸುವ ಹೆಂಗಸಿಗೆ ಬುದ್ಧಿ ಹೇಳದ ಗಂಡಸೇ ಇಲ್ಲ. ರಿಕ್ಷಾದವನು ಹೇಳುತ್ತಾನೆ, ಪಾನ್ ಅಂಗಡಿಯವನು ಹೇಳುತ್ತಾನೆ, ಗಾಡಿಯನ್ನೇ ಮುಟ್ಟದ ನನ್ನ ಭಾವನೂ ಹೇಳುತ್ತಾನೆ. ಉಸ್ತಾದರೂ ಆ ಸಾಲಿಗೆ ಸೇರಿದರಲ್ಲ ಎನ್ನಿಸಿತು. ನಿಜ ಹೇಳಬೇಕೆಂದರೆ, ಆಸ್ಪತ್ರೆಯ ಪಾರ್ಕಿಂಗಿನಲ್ಲೂ ನಮ್ಮಲ್ಲಿಯ ಹಾಗೇ ತಳ್ಳುವ ಪದ್ಧತಿ. ಅಲ್ಲೂ ಹಾಕುತ್ತಿರಲಿಲ್ಲ. ಸಿಗ್ನಲ್ಲಿನಲ್ಲಿ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಕೂರುತ್ತಿದ್ದೆ. ಕಾರು ಕೊಂಡ ಏಳು ವರ್ಷದಲ್ಲಿ ಆ ಲಿವರನ್ನು ಎಳೆದದ್ದು ನೆನಪೇ ಇರಲಿಲ್ಲ.

"ಹೂಂ, ಹಾಕದೆ ಏನು? ಇಪ್ಪತ್ತು ವರ್ಷದಿಂದ ಗಾಡಿ ಓಡಿಸ್ತಿದ್ದೀನಿ ಉಸ್ತಾದ್ರೇ" ಅಂದೆ.

"ಹಂಗಾರ ಚಿಂತಿ ಇಲ್ರಿ. ಹಿಂದಿನ ಗಾಲಿ ಬ್ರೇಕ್ ಸೆಲ್ಫ್ ಅಡ್ಜಸ್ಟ್ ಐತಿ, ತನ್ನಿಂದ ತಾನ ಸರಿ ಆಗತೈತಿ. ಒಂದೆರಡ ವಾರ ಓಡಿಸಿ ನೋಡ್ರಿ. ಪೆಡಲ್ ಮ್ಯಾಲೆ ಬರಲಿಲ್ಲಂದ್ರ ಡ್ರಮ್ ಬಿಚ್ಚೂಣು" ಅಂದರು.

ಅವರು ಹೇಳಿದ ಕೊನೆಯ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ತಾನಾಗಿ ಸರಿಹೋಗುತ್ತದೆ ಎಂಬುದಷ್ಟೇ ಕೇಳಿಸಿತು. ಎರಡು ವಾರ ಹೋಗಿ ಐದು ವಾರವಾಯಿತು. ಪೆಡಲ್ ಮೇಲೆ ಬರಲಿಲ್ಲ. ನಾನೂ ಹೋಗಲಿಲ್ಲ. ಲ್ಯಾಬಿನಲ್ಲಿ ಇಬ್ಬರು ರಜೆ ಹಾಕಿದ್ದರು, ಮನೆಯಲ್ಲಿ ಬಣ್ಣದವರು ಬಂದಿದ್ದರು, ಹೀಗೆ ಏನಾದರೊಂದು.

ನಮ್ಮ ಕಾಂಪೌಂಡಿನೊಳಗೆ ಮಳೆನೀರು ನುಗ್ಗುತ್ತಿತ್ತೆಂದು ಹಿಂದೊಮ್ಮೆ ನೆಲವನ್ನು ಎತ್ತರಿಸಿದ್ದೆವು. ಹಾಗಾಗಿ ಒಳಗಿನಿಂದ ಗೇಟಿಗೆ ಇಳಿಯಲು ಒಂದು ಇಳಿಜಾರು. ಆ ಬೆಳಿಗ್ಗೆ ಆರೂವರೆಗೆ ಲ್ಯಾಬಿಗೆ ಹೊರಟಿದ್ದೆ. ವಾಚ್‌ಮನ್ ಇಳಿಜಾರಿನ ಕೆಳಗೆ, ಗೇಟಿನ ಕಂಬದ ಪಕ್ಕ ತನ್ನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದ. ನನ್ನನ್ನು ನೋಡಿ ಗ್ಲಾಸನ್ನು ಕುರ್ಚಿಯ ಕೆಳಗಿಟ್ಟು, ಗೇಟು ತೆಗೆಯಲು ಎದ್ದ. ನಾನು ಬ್ರೇಕ್ ಒತ್ತಿದೆ. ಪೆಡಲ್ ನೆಲಕ್ಕೆ ಹೋಯಿತು. ಇನ್ನೊಮ್ಮೆ ಒತ್ತುವಷ್ಟರಲ್ಲಿ ಕಾರು ಇಳಿಜಾರಿಗೆ ಬಿದ್ದಿತ್ತು. ಹ್ಯಾಂಡ್‌ಬ್ರೇಕ್ ಎಳೆದೆ. ಅದು ಟಿಕ್ ಟಿಕ್ ಟಿಕ್ ಎಂದು ಮೇಲೆ ಮೇಲೆ ಬಂತು, ಆಕಾಶಕ್ಕೇ ಬಂತು, ಏನೂ ಹಿಡಿಯಲಿಲ್ಲ. ಕುರ್ಚಿ ಚೂರುಚೂರಾಗಿ, ಬಂಪರ್ ಕಂಬಕ್ಕೆ ಬಡಿದು, ಕಾರು ನಿಂತಿತು.

ವಾಚ್‌ಮನ್ ಗೇಟಿನ ಚಿಲಕ ಹಿಡಿದು ನಿಂತಿದ್ದ. ಅವನಿಗೂ ಬಂಪರಿಗೂ ನಡುವೆ ಒಂದು ಗೇಣೂ ಇರಲಿಲ್ಲ. ಅವನು ಇನ್ನೊಂದು ಗುಟುಕು ಚಹಾ ಕುಡಿದು ಕುರ್ಚಿಯಿಂದ ಎದ್ದಿದ್ದರೆ? ಅಯ್ಯೋ ದೇವರೇ! ಅವನೋ, ಓಡಿಬಂದು ಕಿಟಕಿಯಲ್ಲಿ ಬಗ್ಗಿ ನನ್ನನ್ನೇ ಕೇಳಿದ: "ಮೇಡಂ, ಲಗಾ ತೋ ನಹೀ?"

ಪೆಟ್ಟಾಗಿರಲಿಲ್ಲ. ಎಂಜಿನ್ ಆಫ್ ಮಾಡಿ ಕೆಳಗಿಳಿದೆ. ಆಮೇಲೆ ಸಿಟ್ಟು ಬಂತು. ಎಂಥ ಸಿಟ್ಟು! ಬ್ರೇಕ್ ರಿಪೇರಿ ಮಾಡಿದ್ದೇನೆ ಎಂದು ಕೈ ಒರೆಸಿಕೊಂಡ ಆ ಮನುಷ್ಯನ ಮೇಲೆ, ತಾನಾಗಿ ಸರಿಹೋಗುತ್ತದೆ ಎಂದವನ ಮೇಲೆ. ಲ್ಯಾಬಿಗೆ ಫೋನ್ ಮಾಡಿ ರಜೆ ಹೇಳಿ, ಸೊಸೈಟಿ ಆಫೀಸು ತೆಗೆಯುವುದನ್ನೇ ಕಾದು, ಕಂಪ್ಲೇಂಟ್ ಪುಸ್ತಕದಲ್ಲಿ ಅದೇ ದುಂಡನೆ ಅಕ್ಷರದಲ್ಲಿ ಒಂದು ಪುಟ ಬರೆದೆ: ಈ ಮಿಸ್ತ್ರಿ ಬ್ರೇಕ್ ಕೆಲಸ ಬೇಜವಾಬ್ದಾರಿಯಿಂದ ಮಾಡಿದ್ದಾನೆ, ಒಂದು ಜೀವ ಹೋಗುತ್ತಿತ್ತು, ಇವನಿಗೆ ಯಾರೂ ಗಾಡಿ ಕೊಡಬೇಡಿ. ಗಂಡ ಪಕ್ಕದಲ್ಲಿ ನಿಂತು, "ಮೊದಲು ಏನಾಗಿದೆ ಅಂತ ನೋಡೋಣ ಕಣೇ, ನಿನಗೆ ಮೂಗಿನ ತುದೀಲೇ ಕೋಪ" ಎಂದರು. ಅವರಿಗೂ ಬೈದೆ.

ಸೆಕ್ರೆಟರಿ ಅದರ ಫೋಟೊ ತೆಗೆದು ಬಿಲ್ಡಿಂಗಿನ ವಾಟ್ಸಾಪ್ ಗುಂಪಿಗೆ ಹಾಕಿದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಅರ್ಧ ಗಂಟೆಯಲ್ಲಿ ಮಿಸ್ತ್ರಿಯನ್ನು ಗೇಟಿನೊಳಗೆ ಬಿಡಕೂಡದು ಎಂದು ತೀರ್ಮಾನವಾಯಿತು. ಅವರ ಕೈಯಲ್ಲಿ ಆರು ವರ್ಷ ಗಾಡಿ ರಿಪೇರಿ ಮಾಡಿಸಿಕೊಂಡವರೇ ಹೆಬ್ಬೆರಳೆತ್ತಿದರು. ಆಮೇಲೆ ಒಬ್ಬರು ಬರೆದರು, "ಇಂಥ ಜನರನ್ನು ಒಳಗೆ ಬಿಟ್ಟಿದ್ದೇ ತಪ್ಪು." ಇನ್ನೊಬ್ಬರು, "ಇವರ ಬುದ್ಧಿಯೇ ಅಷ್ಟು, ನಾನು ಮೊದಲೇ ಹೇಳಿದ್ದೆ" ಎಂದರು. ಇಂಥ ಜನ ಎಂದರೆ ಎಂಥ ಜನ ಎಂದು ನನಗೆ ಗೊತ್ತಾಗದೆ ಇರಲಿಲ್ಲ. ಬ್ರೇಕಿಗೂ ಆ ಮಾತಿಗೂ ಏನು ಸಂಬಂಧ ಎಂದು ಕೇಳಬೇಕಿತ್ತು. ನಾನು ಓದಿದೆ, ಫೋನು ಕೆಳಗಿಟ್ಟೆ.

ಕಾರನ್ನು ಎಳೆದೊಯ್ಯುವ ಗಾಡಿ ಕರೆಸಿ, ಅದರ ಡ್ರೈವರಿನ ಪಕ್ಕ ಕೂತು ಆಂಟಾಪ್ ಹಿಲ್‌ಗೆ ಹೋದೆ. ದಾರಿಯುದ್ದಕ್ಕೂ ಏನೇನು ಬೈಯಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದೆ. ಗ್ಯಾರೇಜಿನ ಮುಂದೆ ಇಬ್ಬರು ಟ್ಯಾಕ್ಸಿಯವರು ಬೆಂಚಿನ ಮೇಲೆ ಕೂತಿದ್ದರು. ಅವರ ಎದುರಿಗೇ ಶುರುಮಾಡಿದೆ. "ಏನಯ್ಯಾ, ಮನುಷ್ಯನಾ ನೀನು? ಒಬ್ಬನ ಪ್ರಾಣ ಹೋಗ್ತಿತ್ತು! ನಿನಗೆ ಬ್ರೇಕ್ ಕೆಲಸ ಬರಲ್ಲ ಅಂದ್ರೆ ಬರಲ್ಲ ಅನ್ನು!" ಆರು ವರ್ಷ "ನೀವು" ಎಂದವಳು ಅಂದು "ನೀನು" ಅಂದೆ. ಬಾಯಿ ತಪ್ಪಿ ಅಲ್ಲ, ಬೇಕೆಂದೇ ಅಂದೆ. ಅವರ ಜನ್ಮ ಜಾಲಾಡಿಸಿದೆ. ಕನ್ನಡ ಬಾರದ ಟ್ಯಾಕ್ಸಿಯವರಿಗೂ ನನ್ನ ಮಾತೆಲ್ಲ ಅರ್ಥವಾಯಿತು.

ಉಸ್ತಾದ್ ಒಂದೇ ಒಂದು ಮಾತು ಕೇಳಿದರು. "ವಾಚ್‌ಮನ್‌ಗ ಏನೂ ಆಗಿಲ್ಲಲ್ರೀ?" ಇಲ್ಲ ಎಂದ ಮೇಲೆ ಜಾಕ್ ತಂದು ಕಾರಿನ ಹಿಂಭಾಗ ಎತ್ತಿದರು. ಚಕ್ರ ಬಿಚ್ಚಿದರು. ಒಳಗೆ ಮಣ್ಣಿನ ಕುಂಡದ ಹಾಗಿರುವ ಕಬ್ಬಿಣದ ಡ್ರಮ್. ಅದನ್ನು ಸುತ್ತಿಗೆಯಿಂದ ಬಡಿಯಬೇಕಾಗುತ್ತದೆ ಎಂದುಕೊಂಡಿದ್ದೆ. ಅವರು ಒಂದೇ ಕೈಯಲ್ಲಿ ಎಳೆದರು, ಡಬ್ಬಿಯ ಮುಚ್ಚಳದಂತೆ ಬಂದುಬಿಟ್ಟಿತು.

"ಇಷ್ಟ ಸಡಲ ಬರಬಾರದ್ರಿ" ಎಂದರು. ಮೆಲ್ಲಗೆ, ತಮ್ಮಷ್ಟಕ್ಕೇ ಹೇಳಿಕೊಂಡ ಹಾಗೆ.

ಒಳಗೆ ಅರ್ಧಚಂದ್ರದ ಹಾಗೆ ಎರಡು ಬ್ರೇಕ್ ಶೂ, ನಡುವೆ ಒಂದು ಕಡ್ಡಿ, ಕಡ್ಡಿಯ ಮೇಲೆ ಹಲ್ಲುಗಳಿರುವ ಒಂದು ಪುಟ್ಟ ಚಕ್ರ. ಅವರು ಬೆರಳಿಟ್ಟು ತೋರಿಸಿದರು. ಶೂ ಸವೆದ ಹಾಗೆಲ್ಲ ಅದಕ್ಕೂ ಡ್ರಮ್ಮಿಗೂ ನಡುವೆ ಸಂದು ಬೀಳುತ್ತದೆ. ಆಗ ಈ ಚಕ್ರ ಒಂದೊಂದೇ ಹಲ್ಲು ತಿರುಗಿ ಕಡ್ಡಿಯನ್ನು ಉದ್ದ ಮಾಡುತ್ತದೆ, ಸಂದು ಮುಚ್ಚುತ್ತದೆ. ಅದೇ ಸೆಲ್ಫ್ ಅಡ್ಜಸ್ಟ್. ಅವರು ಹೆಬ್ಬೆರಳಿನಿಂದ ಚಕ್ರವನ್ನು ನೂಕಿದರು. ಅಲುಗಲಿಲ್ಲ. ಸ್ಕ್ರೂಡ್ರೈವರ್ ಕೊಟ್ಟು ಮೀಟಿದರು. ಕೆಂಪು ತುಕ್ಕಿನ ಪುಡಿ ಉದುರಿತು, ಚಕ್ರ ಅಲುಗಲಿಲ್ಲ. ಇನ್ನೊಂದು ಕಡೆಯ ಡ್ರಮ್ ಬಿಚ್ಚಿದರು. ಅಲ್ಲೂ ಅದೇ.

"ಗಾಡಿ ಹುಟ್ಟಿದಾಗಿಂದ ತಿರಗೇ ಇಲ್ರಿ ಇದು" ಅಂದರು.

"ತಾನಾಗಿ ತಿರುಗುತ್ತೆ ಅಂದಿದ್ದು ನೀನೇ ತಾನೇ?" ನನ್ನ ಗಂಟಲು ಇನ್ನೂ ಇಳಿದಿರಲಿಲ್ಲ.

"ತಿರಗತೈತ್ರಿ. ಆದ್ರ ಯಾರರೆ ತಿರಗಸಬೇಕಲ್ರೀ? ಕೆಲವು ಗಾಡ್ಯಾಗ ಕಾಲಿನ ಬ್ರೇಕಿಗೇ ತಿರಗತೈತಿ. ಕೆಲವದರಾಗ ರಿವರ್ಸ್ ಹೋಗ್ತಾ ಬ್ರೇಕ್ ಒತ್ತಿದ್ರ ತಿರಗತೈತಿ. ನಿಮ್ಮ ಗಾಡ್ಯಾಗ ಹ್ಯಾಂಡ್‌ಬ್ರೇಕ್ ಎಳದಾಗ ಈ ಪಟ್ಟಿ ಬಂದು ಹಲ್ಲಿಗೆ ನೂಕತೈತಿ. ಎಳೀಲಿಲ್ಲಂದ್ರ ನೂಕಂಗಿಲ್ಲ. ನೂಕಲಿಲ್ಲಂದ್ರ ಅದು ಅಲ್ಲೇ ಕುಂದರತೈತಿ. ಮಳಿ ನೀರಾಗ ವರ್ಷಾ ಗಾಡಿ ಇಳಸ್ತೀರಿ, ಕುಂತಲ್ಲೇ ತುಕ್ಕ ಹಿಡದೈತಿ."

ನಾನು ಬಾಯಿ ತೆರೆದೆ. ಬೈಯಲೆಂದೇ ತೆರೆದದ್ದು. ಲಿಫ್ಟಿನ ಪಕ್ಕದ ಆ ಹಾಳೆ, ಅದರ ಕೊನೆಯ ಸಾಲು, ನನ್ನ ದುಂಡನೆ ಅಕ್ಷರ ಕಣ್ಣಿಗೆ ಕಟ್ಟಿದವು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಸ್ಥಿತಿ ನನ್ನದು. ಆದರೂ ಸುಮ್ಮನೆ ಸೋಲಲು ಮನಸ್ಸಿಲ್ಲ.

"ಹಾಗಿದ್ರೆ ಅವತ್ತೇ ಯಾಕೆ ಬಿಚ್ಚಿ ನೋಡಲಿಲ್ಲ?" ಅಂದೆ.

ಅವರು ಕೈಯಲ್ಲಿದ್ದ ಡ್ರಮ್ಮನ್ನು ನೆಲಕ್ಕಿಟ್ಟರು. "ನಿಮ್ಮನ್ನ ಕೇಳಿದ್ದೆ ರೀ ಅಕ್ಕಾರ. ಹೊರಗ ಹಾಕ್ತೀರಿಲ್ರೀ ಅಂತ. ನೀವು ಹೂಂ ಅಂದ್ರಿ. ನಿಮ್ಮ ಮಾತ ನಂಬಿದೆ." ಆಮೇಲೆ ಅವರೇ ಹೇಳಿದರು. "ತಪ್ಪ ನಂದೂ ಐತ್ರಿ. ನಾನ ಒಮ್ಮಿ ಲಿವರ್ ಎಳದ ನೋಡಬೇಕಿತ್ತು. ಅಕ್ಕಾರು ಹೂಂ ಅಂದಮ್ಯಾಲೆ ಎಳದ ನೋಡಿದ್ರ, ನನ್ನ ಮಾತಿಗೆ ಕಿಮ್ಮತ್ ಇಲ್ಲೇನು ಅಂತ ನಿಮಗ ಬ್ಯಾಸರ ಆಗತೈತಿ ಅಂತ ಬಿಟ್ಟೆ."

ಅಲ್ಲೇ ಭೂಮಿ ಬಾಯಿಬಿಡಬಾರದಿತ್ತೇ ಎನ್ನಿಸಿತು. ನಾನು ಯಂತ್ರದ ಮಾತು ನಂಬದವಳು. ದಿನಾ ಬೆಳಿಗ್ಗೆ ಪರೀಕ್ಷೆ ಮಾಡಿದ ಮೇಲೆಯೇ ಸಹಿ ಹಾಕುವವಳು. ಆ ಮನುಷ್ಯ ಪರೀಕ್ಷೆ ಮಾಡದೆ ಬಿಟ್ಟದ್ದು ಒಂದೇ ಒಂದನ್ನು, ನನ್ನ ಬಾಯಿಂದ ಬಂದ ಹೂಂ ಅನ್ನು. ಅದೇ ಸುಳ್ಳಾಗಿತ್ತು. ಅದಕ್ಕೆ ಪ್ರತಿಯಾಗಿ ನಾನು ನಾಲ್ಕು ಜನರ ಎದುರು ಅವರನ್ನು ಏಕವಚನದಲ್ಲಿ ಬೈದು, ಊರಿಗೆಲ್ಲ ಬರೆದು ಹಾಕಿ ಬಂದಿದ್ದೆ.

"ನಾನು ಹಾಕ್ತಿರಲಿಲ್ಲ ಉಸ್ತಾದ್ರೇ. ಏಳು ವರ್ಷದಿಂದ ಹಾಕಿಲ್ಲ" ಅಂದೆ. ಅವರು ತಲೆಯಾಡಿಸಿದರು. ಎರಡೂ ಕಡೆಗೆ ಹೊಸ ಕಡ್ಡಿ, ಹೊಸ ಚಕ್ರ ಹಾಕಿ ಸಂಜೆಗೆ ಗಾಡಿ ಕೊಟ್ಟರು. ಕೊಡುವ ಮೊದಲು ಲಿವರ್ ಎಳೆದು ತೋರಿಸಿದರು. ಆರು ಟಿಕ್. ಆರಕ್ಕೆ ಗಟ್ಟಿಯಾಗಿ ನಿಂತಿತು.

ಗೇಟಿನಲ್ಲಿ ಅವರನ್ನು ಬಿಡಬಾರದೆಂದು ತೀರ್ಮಾನವಾಗಿರುವುದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. ಭಾನುವಾರದೊಳಗೆ ಸರಿಮಾಡುತ್ತೇನೆ ಎಂದುಕೊಂಡೆ. ಸರಿಮಾಡುವ ಮೊದಲೇ, ಶನಿವಾರ, ಯಾರದೋ ಕರೆಗೆ ಅವರು ಬಂದುಬಿಟ್ಟಿದ್ದಾರೆ. ವಾಚ್‌ಮನ್ ಕೈಮುಗಿದು, ಒಳಗೆ ಬಿಡಬೇಡಿ ಅಂತ ಹೇಳಿದ್ದಾರೆ ಎಂದಿದ್ದಾನೆ. ಉಸ್ತಾದ್ ಯಾಕೆ ಎಂದು ಕೇಳಿದ್ದಕ್ಕೆ ಸೆಕ್ರೆಟರಿ ಬಂದು ನನ್ನ ಪುಟವನ್ನೇ ತೆಗೆದು ತೋರಿಸಿದ್ದಾರೆ. ಉಸ್ತಾದರಿಗೆ ನನ್ನ ಅಕ್ಷರ ಗೊತ್ತಿತ್ತು.

ಭಾನುವಾರದ ಮೀಟಿಂಗಿನಲ್ಲಿ ಎದ್ದು ನಿಂತು ಎಲ್ಲವನ್ನೂ ಹೇಳಿದೆ. ತಪ್ಪು ಮಿಸ್ತ್ರಿಯದಲ್ಲ, ನನ್ನದು. ನಾವು ಹ್ಯಾಂಡ್‌ಬ್ರೇಕ್ ಹಾಕದೆ ಬಿಟ್ಟು ಬಿಟ್ಟು ಬ್ರೇಕು ಸಡಿಲವಾಗಿದೆ, ನಿಮ್ಮಲ್ಲಿ ಯಾರ್ಯಾರ ಗಾಡಿ ಹೀಗಿದೆಯೋ ನೋಡಿಸಿಕೊಳ್ಳಿ, ಆತನನ್ನು ಗೇಟಿನೊಳಗೆ ಬಿಡಿ. ಸೆಕ್ರೆಟರಿ ನಕ್ಕರು. "ಮೇಡಂ, ಆಪ್ ಬಹುತ್ ಭೋಲೀ ಹೋ" ಎಂದರು. ನಾನು ಪೆದ್ದಿಯಂತೆ! ಮಿಸ್ತ್ರಿ ತನ್ನ ತಪ್ಪು ಮುಚ್ಚಿಕೊಳ್ಳಲು ಏನೋ ಕಥೆ ಕಟ್ಟಿದ್ದಾನಂತೆ. ಹ್ಯಾಂಡ್‌ಬ್ರೇಕ್ ಹಾಕಿದರೆ ಗಾಡಿ ತಳ್ಳುವುದು ಹೇಗೆ, ಅದು ಆಗದ ಮಾತು. ಒಮ್ಮೆ ಪುಸ್ತಕದಲ್ಲಿ ಬರೆದು ತೀರ್ಮಾನವಾದ ಮೇಲೆ ಮುಗಿಯಿತು. ಮುಂದಿನ ವಿಷಯ, ಟೆರೇಸಿನ ನೀರಿನ ಟ್ಯಾಂಕ್.

ಅವರು ನನ್ನನ್ನು ಪೆದ್ದಿ ಎನ್ನಬಾರದಿತ್ತು.

ಮೀಟಿಂಗ್ ಮುಗಿಸಿ ಕೆಳಗಿಳಿದೆ. ನನ್ನ ಕಾರು ಹೊರಗಿನ ಸಾಲಿನಲ್ಲಿತ್ತು, ಅದರ ಹಿಂದೆ ಸೆಕ್ರೆಟರಿಯ ಕಾರು. ಬಾಗಿಲು ತೆಗೆದು ಕೂತು ಹ್ಯಾಂಡ್‌ಬ್ರೇಕ್ ಎಳೆದೆ. ಆರು ಟಿಕ್. ಗೇರ್ ಕೂಡ ಹಾಕಿದೆ. ನಮ್ಮ ಮನೆಯ ನಂಬರಿನ ಇಟ್ಟಿಗೆಯನ್ನು ಕೈಯಲ್ಲಿ ಹಿಡಿದುಕೊಂಡು ಮನೆಗೆ ಬಂದೆ. ಗಂಡ ಇಟ್ಟಿಗೆಯನ್ನೂ ನನ್ನ ಮುಖವನ್ನೂ ನೋಡಿ, "ನಾಳೆ ನಾನು ಬೇಗ ಎದ್ದು ಲೋಕಲ್ ಹಿಡಿದು ಹೋಗ್ತೀನಪ್ಪ" ಅಂದರು. ಆದರೆ ಹೋಗಲಿಲ್ಲ. ನೋಡಲು ಆಸೆಯಿತ್ತು.

ಬೆಳಿಗ್ಗೆ ಎಂಟಕ್ಕೆ ಕಾಂಪೌಂಡಿನಲ್ಲಿ ಗದ್ದಲ. ಕಿಟಕಿಗೆ ಬಂದೆ. ವಾಚ್‌ಮನ್ ನನ್ನ ಕಾರು ತಳ್ಳುತ್ತಿದ್ದ. ಅಲುಗಲಿಲ್ಲ. ಹಾಲಿನವನು ಸೇರಿದ, ಎರಡನೇ ಮಹಡಿಯ ಜಿಮ್ಮಿಗೆ ಹೋಗುವ ಅಣ್ಣತಮ್ಮಂದಿರು ಸೇರಿದರು, ಟೈ ಹಾಕಿಕೊಂಡಿದ್ದ ಸೆಕ್ರೆಟರಿಯೂ ಕೈ ಹಚ್ಚಿದರು. ಐದು ಜನ. ಕೂದಲೆಳೆಯಷ್ಟೂ ಅಲುಗಲಿಲ್ಲ. ಸೆಕ್ರೆಟರಿ ತಲೆಯೆತ್ತಿ ಕೂಗಿದರು, "ಹ್ಯಾಂಡ್‌ಬ್ರೇಕ್ ಕಿಸ್ನೇ ಲಗಾಯಾ?"

"ನಾನು!" ಎಂದು ಕನ್ನಡದಲ್ಲೇ ಕೂಗಿದೆ. ಆಮೇಲೆ ಹಿಂದಿಯಲ್ಲಿ, ಇಡೀ ಬಿಲ್ಡಿಂಗಿಗೆ ಕೇಳುವ ಹಾಗೆ ಹೇಳಿದೆ: "ಯಾರಿಗೆ ಕೆಲಸ ಬರಲ್ಲ ಅಂದಿರೋ ಅದೇ ಮಿಸ್ತ್ರಿ ಮಾಡಿದ ಬ್ರೇಕು ಅದು! ಇನ್ನೂ ಐದು ಜನರನ್ನ ಕರೆದು ತಳ್ಳಿ ನೋಡಿ! ಕಂಪ್ಲೇಂಟ್ ಪುಸ್ತಕ ಮೇಲೆ ತನ್ನಿ, ಆಮೇಲೆ ಕೀ ಕೊಡ್ತೀನಿ!"

ಅವರಿಗೆ ಆಫೀಸಿಗೆ ಹೊತ್ತಾಗಿತ್ತು. ಹತ್ತು ನಿಮಿಷ ಕೆಳಗೆ ಕೂಗಾಡಿದರು, ಪೊಲೀಸ್ ಎಂದರು, ಕಾನೂನು ಎಂದರು. ಕೊನೆಗೆ ಪುಸ್ತಕ ಹಿಡಿದು ಬೆವರು ಒರೆಸಿಕೊಳ್ಳುತ್ತಾ ಮೆಟ್ಟಿಲು ಹತ್ತಿ ಬಂದರು. ನನ್ನ ಪುಟದ ಮೇಲೆ ಅಡ್ಡ ಗೆರೆ ಎಳೆದು, ಕೆಳಗೆ ಬರೆದೆ: ತಪ್ಪು ನನ್ನದು, ಮಿಸ್ತ್ರಿ ಕೇಳಿದಾಗ ನಾನು ಸುಳ್ಳು ಹೇ‍ಳಿದ್ದೆ, ಗೇಟಿನ ನಿರ್ಬಂಧ ರದ್ದು. ಸೆಕ್ರೆಟರಿ ಸಹಿ ಹಾಕಿದರು. ಅದರ ಫೋಟೊವನ್ನು ನಾನೇ ವಾಟ್ಸಾಪ್ ಗುಂಪಿಗೆ ಹಾಕಿ, "ಇಂಥ ಜನ" ಎಂದು ಬರೆದವರು ಯಾವ ಜನ ಎಂದು ಬಿಡಿಸಿ ಹೇಳಬೇಕು ಎಂದು ಕೇಳಿದೆ. ಅದನ್ನು ಅವತ್ತೇ ಕೇಳಬೇಕಿತ್ತು. ಒಬ್ಬರು ಕೈಮುಗಿದ ಚಿತ್ರ ಹಾಕಿದರು. ಕೀ ತೆಗೆದುಕೊಂಡು ಕೆಳಗಿಳಿಯುವಾಗ ಲಿಫ್ಟಿನ ಪಕ್ಕದ ಹಾಳೆಯನ್ನು ಕಿತ್ತು ಹರಿದೆ. ಸೆಕ್ರೆಟರಿ ಮಾರನೆಯ ದಿನವೇ ಇನ್ನೊಂದನ್ನು ಪ್ರಿಂಟ್ ಮಾಡಿಸಿ ಹಚ್ಚಿದರು. ಅದರಲ್ಲಿ ಕನ್ನಡ ಇಲ್ಲ. ನನ್ನ ಕಾರು ಈಗ ಯಾರೂ ತಳ್ಳಬೇಕಿಲ್ಲದ ಗೋಡೆಯ ಬದಿಗೆ ನಿಲ್ಲುತ್ತದೆ.

ಪುಸ್ತಕಕ್ಕೆ ಸಹಿ ಬಿದ್ದ ಸಂಜೆಯೇ ಗೆದ್ದವಳ ಹಾಗೆ ಉಸ್ತಾದರಿಗೆ ಫೋನ್ ಮಾಡಿದೆ. "ಪುಸ್ತಕದಲ್ಲಿ ಬರೆಸಿ ಸಹಿ ಹಾಕಿಸಿದ್ದೀನಿ. ಇನ್ನು ಗೇಟಿನಲ್ಲಿ ನಿಮ್ಮನ್ನ ಯಾರೂ ತಡೆಯಲ್ಲ. ಭಾನುವಾರ ಬನ್ನಿ, ಕಾಫಿ ಕುಡಿಯೋಣ."

"ಭಾಳ ಸಂತೋಷ ಆತ್ರಿ ಅಕ್ಕಾರ" ಅಂದರು. "ಆದ್ರ ಅಲ್ಲಿಗೆ ನಾ ಬರೂದಿಲ್ರೀ. ಗಾಡಿ ಇದ್ರ ಇಲ್ಲೇ ಕಳಸ್ರಿ, ಮಾಡಿಕೊಡ್ತೀನಿ."

"ಯಾಕೆ, ಇನ್ನೂ ಸಿಟ್ಟಾ?"

"ಸಿಟ್ಟ ಅಲ್ರೀ. ಆ ಗೇಟ ದಾಟಾಕ ಕಾಲ ಬರವಲ್ದು."

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎಂದು ನಮ್ಮಮ್ಮ ನನಗೆಂದೇ ಹೇಳುತ್ತಿದ್ದಳು. ಅವರೇ ಕೇಳಿದರು, "ನಿಮ್ಮ ಗಾಡಿ ಹೆಂಗೈತ್ರಿ? ಹ್ಯಾಂಡ್‌ಬ್ರೇಕ್ ದಿನಾ ಹಾಕ್ತೀರಿಲ್ರೀ?"

"ಹೂಂ, ದಿನಾ ಹಾಕ್ತೀನಿ" ಅಂದೆ. ಈ ಸಲ ಅದು ನಿಜವಾಗಿತ್ತು.

ಅವರು ಸಿಟ್ಟಿಲ್ಲದೆ, ವ್ಯಂಗ್ಯವಿಲ್ಲದೆ, ಕೆಲಸದ ಮಾತಿನ ಹಾಗೆ ಹೇಳಿದರು: "ಹೂಂ ಅನಬ್ಯಾಡ್ರಿ ಅಕ್ಕಾರ. ಗಾಡ್ಯಾಗ ಕುಂತು ಎಳದ ನೋಡ್ರಿ. ಎಷ್ಟ ಟಿಕ್ ಆದ್ವು ಎಣಿಸಿ ಹೇಳ್ರಿ. ಫೋನ್ ಹಿಡದಿರತೀನಿ."

ಲಿಫ್ಟು ಅವತ್ತೂ ಕೆಟ್ಟಿತ್ತು. ಮಂಡಿ ಹಿಡಿದುಕೊಂಡು ಮೂರು ಮಹಡಿ ಇಳಿದು, ಕಾರಿನಲ್ಲಿ ಕೂತು, ಲಿವರನ್ನು ಇಳಿಸಿ, ಫೋನನ್ನು ಅದರ ಹತ್ತಿರ ಹಿಡಿದು ಮತ್ತೆ ಎಳೆದೆ.

"ಆರು" ಅಂದೆ.

"ಕೇಳಿಸ್ತು ರೀ. ನಾನೂ ಎಣಿಸಿದೆ" ಎಂದು ಅವರು ಫೋನ್ ಇಟ್ಟರು.

ಈಗಲೂ ತಿಂಗಳಿಗೊಮ್ಮೆ ಫೋನ್ ಮಾಡುತ್ತೇನೆ. ರೊಟ್ಟಿ ಮುದ್ದೆಯ ಜಗಳ ಮತ್ತೆ ಶುರುವಾಗಿಲ್ಲ. ಬ್ರೇಕ್ ಸರಿಯಿದೆ ಎಂದರೆ ಅವರು ಸುಮ್ಮನೆ ಕಾಯುತ್ತಾರೆ, ನಾನು ಕೆಳಗಿಳಿದು ಹೋಗಿ ಲಿವರಿನ ಹತ್ತಿರ ಫೋನ್ ಹಿಡಿಯುತ್ತೇನೆ.